ವೆಬ್‌ಸೈಟ್ ಕೊಟ್ಟಿರಿ, ಬೀಗದ ಕೈ ಕೊಡಲಿಲ್ಲ: ವಿನ್ಯಾಸಕರಿಗೆ ದೂರು ಪತ್ರ

ಇವರಿಂದ:
ಪಾಲುದಾರರು, ಉಪ್ಪಿನಕಾಯಿ ಹಾಗೂ ಮಲೆನಾಡ ತಿನಿಸುಗಳ ಮಾರಾಟ ಮಳಿಗೆ, ಶಿರಸಿ

ಇವರಿಗೆ:
ನಮ್ಮ ಮಳಿಗೆಯ ವೆಬ್‌ಸೈಟ್ ಮಾಡಿಕೊಟ್ಟ ಸ್ವತಂತ್ರ ವೆಬ್ ವಿನ್ಯಾಸಕರು

ವಿಷಯ: ಡೊಮೇನ್ (ವೆಬ್ ವಿಳಾಸ), ಹೋಸ್ಟಿಂಗ್ (ಸೈಟ್ ಇಟ್ಟಿರುವ ಸರ್ವರ್ ಜಾಗ), ಅಡ್ಮಿನ್ ಖಾತೆ ಹಸ್ತಾಂತರಿಸದೆ ಅಂತಿಮ ಬಿಲ್ ಕಳಿಸಿದ ಬಗ್ಗೆ, ಕೆಲಸದಲ್ಲಿನ ದೋಷಗಳ ಬಗ್ಗೆ

ಮಾನ್ಯರೇ,

ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿಬೆಲ್ಲ, ಮುರುಗಲು ಸಿಪ್ಪೆ, ಹಲಸಿನ ಹಪ್ಪಳಗಳನ್ನು ಆನ್‌ಲೈನ್‌ನಲ್ಲಿ ಮಾರಲು ವೆಬ್‌ಸೈಟ್ ಮಾಡಿಕೊಡುವ ಕೆಲಸಕ್ಕೆ ಒಟ್ಟು 28,000 ರೂಪಾಯಿ ಎಂದು ಮಾತಾಗಿತ್ತು. ಮುಂಗಡ 11,200 ಮತ್ತು ವಿನ್ಯಾಸ ಒಪ್ಪಿಗೆಯಾದ ಮೇಲೆ 8,400 ರೂಪಾಯಿ ನಿಮಗೆ ಸಂದಿವೆ. ಉಳಿದ 8,400 ರೂಪಾಯಿಯನ್ನು ‘ಹಸ್ತಾಂತರದ ದಿನ’ ಕೊಡಬೇಕೆಂದು ವಾಟ್ಸಾಪ್‌ನಲ್ಲಿ ಬರೆದವರು ನೀವೇ. ಈಗ ಆ ಮೊತ್ತದ ಜೊತೆ ವರ್ಷದ ನಿರ್ವಹಣೆ ಎಂದು ಇನ್ನೂ 9,000 ಸೇರಿಸಿ ಬಿಲ್ ಬಂದಿದೆ. ಹಸ್ತಾಂತರ ಮಾತ್ರ ಆಗಿಲ್ಲ. ವಿಳಾಸ ಒತ್ತಿದರೆ ಸೈಟ್ ತೆರೆದುಕೊಳ್ಳುತ್ತದೆ, ನಿಜ. ಆದರೆ ಅದರಲ್ಲಿ ನಮ್ಮದು ಎನ್ನಬಹುದಾದದ್ದು ಫೋಟೊಗಳು ಮಾತ್ರ.

ಮೊದಲು ಡೊಮೇನ್ ವಿಷಯ. ಡೊಮೇನ್ ಯಾರದೆಂದು ತೋರಿಸುವ ಹೂಯಿಸ್ ದಾಖಲೆ ತೆಗೆದು ನೋಡಿದರೆ ನೋಂದಾಯಿತ ಮಾಲೀಕರ ಜಾಗದಲ್ಲಿ ನಿಮ್ಮ ಸಂಸ್ಥೆಯ ಹೆಸರಿದೆ. ರಿಜಿಸ್ಟ್ರಾರ್ (ಡೊಮೇನ್ ನೋಂದಾಯಿಸುವ ಕಂಪನಿ) ಖಾತೆ ನಿಮ್ಮ ಇಮೇಲ್‌ನದು. ನವೀಕರಣದ ನೆನಪೋಲೆ ಬರುವುದೂ ನಿಮಗೇ. ನೀವು ಒಂದು ವರ್ಷ ಮರೆತರೆ, ಊರು ಬಿಟ್ಟರೆ ಅಥವಾ ಫೋನ್ ಎತ್ತದಿದ್ದರೆ ಡೊಮೇನ್ ಮೊದಲು ಸ್ಥಗಿತವಾಗುತ್ತದೆ, ಆಮೇಲೆ ಯಾರು ಬೇಕಾದರೂ ಕೊಳ್ಳುವಂತೆ ಬಿಡುಗಡೆಯಾಗುತ್ತದೆ. ಆ ವಿಳಾಸದ ಕ್ಯೂಆರ್ ಕೋಡನ್ನು ಬಾಟಲಿಯ ಲೇಬಲ್ ಮೇಲೆ ಅಚ್ಚು ಹಾಕಿಸಿ ಆಗಿದೆ. ಲೇಬಲ್ ಅಚ್ಚಾಗುವ ಮೊದಲೇ ಡೊಮೇನ್ ಯಾರ ಹೆಸರಲ್ಲಿದೆ ಎಂದು ಕೇಳಿದಾಗ ‘ಅದೆಲ್ಲ ನಾನು ನೋಡಿಕೊಳ್ತೇನೆ’ ಎಂಬ ಉತ್ತರ ಬಂತು. ನೋಡಿಕೊಳ್ಳುವುದಕ್ಕೂ ಒಡೆತನಕ್ಕೂ ವ್ಯತ್ಯಾಸವಿದೆ.

ಇದನ್ನು ಸರಿಪಡಿಸುವುದು ದೊಡ್ಡ ಕೆಲಸವೇನಲ್ಲ. ಅದೇ ರಿಜಿಸ್ಟ್ರಾರ್‌ನಲ್ಲಿ ಮಳಿಗೆಯ ಹೆಸರಿನ ಖಾತೆ ತೆರೆದಿದ್ದೇವೆ. ನಿಮ್ಮ ಖಾತೆಯಿಂದ ನಮ್ಮ ಖಾತೆಗೆ ಡೊಮೇನ್ ‘ಪುಶ್’ ಮಾಡಿದರೆ ಸಾಕು. ಒಂದೇ ರಿಜಿಸ್ಟ್ರಾರ್ ಒಳಗಿನ ವರ್ಗಾವಣೆಗೆ ಆಥ್ ಕೋಡ್ ಎಂಬ ಗುಪ್ತಪದ ಬೇಕಾಗುವುದಿಲ್ಲ, ಸೈಟ್ ನಿಲ್ಲುವುದೂ ಇಲ್ಲ. ಡೊಮೇನನ್ನು ಹೋಸ್ಟಿಂಗ್‌ಗೆ ಜೋಡಿಸುವ ನೇಮ್‌ಸರ್ವರ್ ಮಾತ್ರ ಈಗಿದ್ದಂತೆಯೇ ಇರಲಿ. ಪುಶ್ ಆದ ಮೇಲೆ ನೋಂದಾಯಿತ ಮಾಲೀಕರ ಹೆಸರು ಬದಲಾಗಿದೆಯೇ ಎಂದು ಬೇರೆಯಾಗಿಯೇ ನೋಡಬೇಕು. ಖಾತೆ ಬದಲಾಗಿಯೂ ದಾಖಲೆಯಲ್ಲಿ ಹಳೆಯ ಹೆಸರೇ ಉಳಿಯುವುದುಂಟು.

ಇನ್ನು ಸೈಟ್ ಕಟ್ಟಿರುವ ತಂತ್ರಾಂಶ ವರ್ಡ್‌ಪ್ರೆಸ್. ನಮಗೆ ಕೊಟ್ಟ ಲಾಗಿನ್ ‘ಶಾಪ್ ಮ್ಯಾನೇಜರ್’ ದರ್ಜೆಯದು. ಬೆಲೆ ತಿದ್ದಬಹುದು, ಆರ್ಡರ್ ನೋಡಬಹುದು. ಪ್ಲಗಿನ್ (ಹೆಚ್ಚುವರಿ ಸೌಲಭ್ಯದ ತಂತ್ರಾಂಶ) ನವೀಕರಿಸಲು, ಥೀಮ್ (ಸೈಟ್‌ನ ರೂಪವಿನ್ಯಾಸ) ಬದಲಿಸಲು, ಹೊಸ ಅಡ್ಮಿನ್ ಸೇರಿಸಲು ಆಗುವುದಿಲ್ಲ. ಬ್ಯಾಕಪ್ ಕೇಳಿದ್ದಕ್ಕೆ ನೀವು ಕಳಿಸಿದ ಜಿಪ್‌ನಲ್ಲಿ ಫೈಲ್‌ಗಳ ಫೋಲ್ಡರ್ ಮಾತ್ರ ಇದೆ. ವರ್ಡ್‌ಪ್ರೆಸ್‌ನ ಬ್ಯಾಕಪ್ ಎಂದರೆ ಎರಡು ಭಾಗ. ಫೋಟೊ, ಥೀಮ್, ಪ್ಲಗಿನ್ ಇರುವ ಫೈಲ್‌ಗಳು ಒಂದು. ಬೆಲೆ, ವಿವರ, ಆರ್ಡರ್, ಸೆಟ್ಟಿಂಗ್ ಎಲ್ಲ ಇರುವ ಡೇಟಾಬೇಸ್‌ನ ಎಸ್‌ಕ್ಯುಎಲ್ ಫೈಲ್ ಇನ್ನೊಂದು. ಎರಡನೆಯದಿಲ್ಲದೆ ಸೈಟನ್ನು ಬೇರೆಡೆ ಎಬ್ಬಿಸಲು ಬರುವುದಿಲ್ಲ ಎಂಬುದು ನಿಮಗೆ ಹೇಳಿಕೊಡಬೇಕಾದ ಸಂಗತಿ ಅಲ್ಲ.

ಥೀಮ್‌ನ ಲೈಸೆನ್ಸ್ ಕೀ ಜಾಗ ಖಾಲಿ ಇದೆ ಎಂದು ನೀವು ಕಳಿಸಿದ ಸ್ಕ್ರೀನ್‌ಶಾಟ್‌ನಲ್ಲೇ ಕಾಣುತ್ತದೆ. ಹಣ ಕೊಟ್ಟು ತಂದ ಥೀಮ್ ಆಗಿದ್ದರೆ ರಸೀದಿ ಕಳಿಸಿ. ಲೈಸೆನ್ಸ್ ಮುರಿದು ಹಂಚುವ ಪ್ರತಿ ಆಗಿದ್ದರೆ ದಯವಿಟ್ಟು ತೆಗೆಯಿರಿ. ಅಂಥ ಪ್ರತಿಗಳಿಗೆ ಅಪ್‌ಡೇಟ್ ಬರುವುದಿಲ್ಲ, ಒಳಗೆ ಹಿಂಬಾಗಿಲ ಕೋಡ್ ಸೇರಿಸಿರುವುದೂ ಸಾಮಾನ್ಯ. ನಿಮ್ಮ ಒಂದೇ ಹೋಸ್ಟಿಂಗ್ ಖಾತೆಯಲ್ಲಿ ಬೇರೆ ಗಿರಾಕಿಗಳ ಸೈಟ್‌ಗಳೂ ಇರುವಾಗ ಒಂದಕ್ಕೆ ಸೋಂಕು ತಗುಲಿದರೆ ಉಳಿದವೂ ಸಿಕ್ಕಿಬೀಳುತ್ತವೆ.

ಕನ್ನಡದ ಪುಟಗಳ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯಬೇಕಾಗಿದೆ. ಲೇಬಲ್ ಹಾಗೂ ಕರಪತ್ರದ ಪಠ್ಯ ಡಿಟಿಪಿ ಅಂಗಡಿಯಿಂದ ಬಂದದ್ದು, ನುಡಿ ತಂತ್ರಾಂಶದ ಆಸ್ಕಿ ಫಾಂಟ್‌ನಲ್ಲಿ. ನಮ್ಮ ಕಡೆಯ ಅಚ್ಚಿನ ಕೆಲಸ ಇನ್ನೂ ಹೆಚ್ಚಾಗಿ ಹಾಗೇ ನಡೆಯುತ್ತದೆ. ಆಸ್ಕಿ ಫಾಂಟ್‌ನಲ್ಲಿ ಕನ್ನಡ ಅಕ್ಷರದ ಚೂರುಗಳು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಜಾಗದಲ್ಲಿ ಕೂತಿರುತ್ತವೆ. ಆ ಫಾಂಟ್ ಇರುವ ಕಂಪ್ಯೂಟರ್‌ನಲ್ಲಿ ಮಾತ್ರ ಅದು ಕನ್ನಡ. ನಿಮ್ಮ ಯಂತ್ರದಲ್ಲಿ ನುಡಿ ಇದ್ದುದರಿಂದ ಸರಿಯಾಗಿ ಕಂಡಿತು, ಹಾಗೇ ಅಂಟಿಸಿದಿರಿ. ಗಿರಾಕಿಯ ಮೊಬೈಲ್‌ನಲ್ಲಿ ಉಪ್ಪಿನಕಾಯಿಯ ವಿವರದ ಜಾಗದಲ್ಲಿ ಪೌಂಡ್ ಚಿಹ್ನೆಗಳೂ ತಲೆ ಮೇಲೆ ಗೆರೆ ಹೊತ್ತ ರೋಮನ್ ಅಕ್ಷರಗಳೂ ಕಂಡವು.

ಇದನ್ನು ತಿಳಿಸಿದಾಗ ಪಠ್ಯವನ್ನು ಎಲ್ಲ ಯಂತ್ರಗಳಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ಗೆ ಪರಿವರ್ತಿಸಿ ಮತ್ತೆ ಹಾಕಬೇಕಿತ್ತು. ಆಸ್ಕಿಯಿಂದ ಯೂನಿಕೋಡ್‌ಗೆ ಬದಲಿಸುವ ತಂತ್ರಾಂಶಗಳು ಉಚಿತವಾಗಿಯೇ ಸಿಗುತ್ತವೆ. ಪರಿವರ್ತನೆಯಾದ ಮೇಲೆ ಅರ್ಕಾವೊತ್ತು ಇರುವ ಪದಗಳನ್ನು ಒಮ್ಮೆ ಕಣ್ಣಿಂದ ನೋಡಿದರಾಯಿತು, ತಪ್ಪುವುದು ಹೆಚ್ಚಾಗಿ ಅಲ್ಲೇ. ನೀವು ಮಾಡಿದ್ದು ಬೇರೆ: ಪಠ್ಯವನ್ನೆಲ್ಲ ಚಿತ್ರವಾಗಿ ಉಳಿಸಿ ಪುಟಕ್ಕೆ ಏರಿಸಿದಿರಿ. ಕಣ್ಣಿಗೆ ಈಗ ಕನ್ನಡ ಕಾಣುತ್ತದೆ, ಸರ್ಚ್ ಎಂಜಿನ್ ಓದುವ ಪುಟದಲ್ಲಿ ಮಾತ್ರ ಶೀರ್ಷಿಕೆ ಬಿಟ್ಟರೆ ಒಂದಕ್ಷರ ಕನ್ನಡವಿಲ್ಲ. ‘ಅಪ್ಪೆಮಿಡಿ ಉಪ್ಪಿನಕಾಯಿ ಶಿರಸಿ’ ಎಂದು ಹುಡುಕಿದವರಿಗೆ ನಮ್ಮ ಸೈಟ್ ಹೇಗೆ ಸಿಗಬೇಕು? ಸಣ್ಣ ಪರದೆಯಲ್ಲಿ ಚಿತ್ರ ಕುಗ್ಗಿ ಅಕ್ಷರ ಇರುವೆಯಷ್ಟಾಗುತ್ತದೆ. ಬೆಲೆಯೋ ತೂಕವೋ ಬದಲಾದರೆ ಹೊಸ ಚಿತ್ರಕ್ಕೆ ಮತ್ತೆ ನಿಮ್ಮನ್ನೇ ಕೇಳಬೇಕು. ಯೂನಿಕೋಡ್‌ನಲ್ಲಿಯೇ ಇರುವ ಶೀರ್ಷಿಕೆಗಳಲ್ಲಿ ಕೆಳಗಿನ ಒತ್ತಕ್ಷರ ಕತ್ತರಿಸಿ ಹೋಗಿದೆ, ಏಕೆಂದರೆ ಥೀಮ್‌ನ ಸಾಲಿನ ಎತ್ತರವನ್ನು ಇಂಗ್ಲಿಷಿಗೆ ಅಳೆದು 1.1 ಇಟ್ಟಿದ್ದಾರೆ, ಪೆಟ್ಟಿಗೆಯ ಹೊರಗೆ ಚಾಚಿದ್ದು ಕಾಣದಂತೆಯೂ ಮಾಡಿದ್ದಾರೆ. ಕನ್ನಡಕ್ಕೆ 1.6 ಆದರೂ ಬೇಕು. ನೋಟೊ ಸಾನ್ಸ್ ಕನ್ನಡದಂಥ ವೆಬ್ ಫಾಂಟ್ ಸೈಟ್‌ನ ಜೊತೆಗೇ ಹೋಗಲಿ.

ಸೈಟ್ ನಿಧಾನ ಎಂದರೆ ‘ಶಿರಸಿಯ ನೆಟ್ ಹಾಗೇ’ ಎಂದಿರಿ. ಮಳೆಗಾಲದ ಘಟ್ಟದ ನೆಟ್‌ವರ್ಕ್ ಬಗ್ಗೆ ನಿಮಗಿಂತ ನಮಗೆ ಹೆಚ್ಚು ಗೊತ್ತು, ಮಾರಾಯ್ರೆ. ಲೆಕ್ಕ ಹೀಗಿದೆ: ಮುಖಪುಟದಲ್ಲಿ ಒಂಬತ್ತು ಫೋಟೊ, ಒಂದೊಂದೂ ಸುಮಾರು 2.5 ಎಂಬಿ, ಅಗಲ 4000 ಪಿಕ್ಸೆಲ್. ಅವು ಕಾಣುವುದು ಮೊಬೈಲ್‌ನ ಅಂಗೈಯಗಲದ ಜಾಗದಲ್ಲಿ. ಪುಟದ ತೂಕ 22 ಎಂಬಿ ದಾಟಿದೆ. ಸೆಕೆಂಡಿಗೆ 4 ಮೆಗಾಬಿಟ್ ಸಿಗುವ ಮೊಬೈಲ್‌ನಲ್ಲಿ ಇದು ಪೂರ್ತಿ ಇಳಿಯಲು 45 ಸೆಕೆಂಡ್. ಅದೇ ಫೋಟೊಗಳನ್ನು 1200 ಪಿಕ್ಸೆಲ್ ಅಗಲಕ್ಕಿಳಿಸಿ ವೆಬ್‌ಪಿ ರೂಪದಲ್ಲಿ ಉಳಿಸಿದರೆ ಒಂದೊಂದು 150 ಕೆಬಿ ಆಸುಪಾಸಿಗೆ ಬರುತ್ತದೆ, ಎಲ್ಲ ಸೇರಿ ಮೂರು ಸೆಕೆಂಡಿನ ಮಾತು. ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಎಂಬುದು ಗೂಗಲ್ ಇಟ್ಟಿರುವ ಅಳತೆ. ಮೇಲಿನ ಸ್ಲೈಡರ್ ತೆಗೆದರೂ ನಮ್ಮ ಅಭ್ಯಂತರವಿಲ್ಲ. ಎರಡನೇ ಚಿತ್ರ ಬರುವವರೆಗೆ ಕಾಯುವ ಗಿರಾಕಿ ಯಾರೂ ಇಲ್ಲ.

ಸಾಗಾಟದ ಲೆಕ್ಕದಲ್ಲಿಯೂ ಇದೇ ಕಥೆ. ಸೈಟ್‌ನ ಮಾರಾಟ ಪ್ಲಗಿನ್ ವೂಕಾಮರ್ಸ್‌ನಲ್ಲಿ ತೂಕದ ಮಾನ ಕಿಲೋ ಎಂದಿದೆ. 500 ಗ್ರಾಂ ಬಾಟಲಿಗೆ ನೀವು ತುಂಬಿದ್ದು 500. ಅರ್ಧ ಟನ್ ಉಪ್ಪಿನಕಾಯಿಗೆ ದರಪಟ್ಟಿಯಲ್ಲಿ ದರ ಇಲ್ಲವಾದ್ದರಿಂದ ‘ಸಾಗಾಟ ಲಭ್ಯವಿಲ್ಲ’ ಎಂಬ ಸಂದೇಶ ಬಂತು. ಅಂಕಿ ತಿದ್ದುವ ಬದಲು ಎಲ್ಲದಕ್ಕೂ 60 ರೂಪಾಯಿ ಎಂದು ಹಾಕಿ ಕೈತೊಳೆದುಕೊಂಡಿರಿ. ಈಗ ಕುಮಟೆಗೆ ಹೋಗುವ 100 ಗ್ರಾಂ ಮುರುಗಲು ಸಿಪ್ಪೆಗೂ 60, ದಿಲ್ಲಿಗೆ ಹೋಗುವ 5 ಕಿಲೋ ಜೋನಿಬೆಲ್ಲದ ಡಬ್ಬಕ್ಕೂ 60. ಪ್ರತಿ ವಸ್ತುವಿಗೆ ಪ್ಯಾಕ್ ಆದ ಮೇಲಿನ ತೂಕ ಬರಬೇಕು: ಗಾಜಿನ ಬಾಟಲಿ, ಬಬಲ್ ಹಾಳೆ, ರಟ್ಟಿನ ಪೆಟ್ಟಿಗೆ ಸೇರಿ 500 ಗ್ರಾಂ ಉಪ್ಪಿನಕಾಯಿ 0.9 ಕಿಲೋ ಆಗುತ್ತದೆ. ತೂಕದ ಪಟ್ಟಿ ಈ ಪತ್ರದ ಜೊತೆಗಿದೆ.

ಸಂಪರ್ಕ ಫಾರ್ಮ್‌ನಿಂದ ಬಂದ ವಿಚಾರಣೆಗಳು ಸ್ಪ್ಯಾಮ್‌ಗೆ ಬೀಳುತ್ತಿವೆ. ಕಳಿಸುವವರ ವಿಳಾಸದ ಜಾಗದಲ್ಲಿ ಗಿರಾಕಿಯ ಜಿಮೇಲ್ ಇಟ್ಟು ಹೋಸ್ಟಿಂಗ್ ಸರ್ವರ್‌ನಿಂದ ಕಳಿಸಿದರೆ ಆ ಸರ್ವರ್‌ಗೆ ಕಳಿಸುವ ಅನುಮತಿ ಇದೆಯೇ ಎಂದು ನೋಡುವ ಎಸ್‌ಪಿಎಫ್ ಪರೀಕ್ಷೆಯಲ್ಲಿ ಅದು ನಕಲಿ ಎಂದೇ ತೋರುತ್ತದೆ. ಕಳಿಸುವ ವಿಳಾಸ ನಮ್ಮ ಡೊಮೇನ್‌ನದಿರಲಿ, ಉತ್ತರದ ವಿಳಾಸ ಗಿರಾಕಿಯದಿರಲಿ, ಮೇಲ್ ಎಸ್‌ಎಂಟಿಪಿ (ಲಾಗಿನ್ ಆಗಿ ಕಳಿಸುವ ಮೇಲ್ ಸರ್ವರ್) ಮೂಲಕ ಹೋಗಲಿ. ವಾಟ್ಸಾಪ್ ಬಟನ್‌ನ ಕೊಂಡಿಯಲ್ಲಿ ನಂಬರಿನ ಮೊದಲು ದೇಶದ ಕೋಡ್ 91 ಇಲ್ಲ, ಹಾಗಾಗಿ ಅದು ತೆರೆಯುವುದೇ ಇಲ್ಲ. ವಾಪಸಾತಿ ನೀತಿಯ ಪುಟವನ್ನು ಬಟ್ಟೆ ಅಂಗಡಿಯ ಸೈಟ್‌ನಿಂದ ಎತ್ತಿದ್ದೀರಿ. ಹಪ್ಪಳದ ಅಳತೆ ಹೊಂದದಿದ್ದರೆ ಬದಲಿಸಿಕೊಡುತ್ತೇವೆ ಎಂದು ನಮ್ಮ ಸೈಟ್ ಈಗ ಭರವಸೆ ಕೊಡುತ್ತಿದೆ. ಪ್ಯಾಕ್ ಮಾಡಿದ ಸರಕುಗಳ 2011ರ ನಿಯಮದಂತೆ ಆನ್‌ಲೈನ್ ಮಾರಾಟದಲ್ಲೂ ತಯಾರಕರ ಹೆಸರು-ವಿಳಾಸ, ನಿವ್ವಳ ತೂಕ, ಗರಿಷ್ಠ ಚಿಲ್ಲರೆ ಬೆಲೆ ಕಾಣಿಸಬೇಕು. ಪಠ್ಯ ನಿಮ್ಮ ಬಳಿ ಇದೆ, ಪುಟದಲ್ಲಿ ಇಲ್ಲ.

ನಾವು ಕೇಳುವುದು ಇಷ್ಟು. ಪತ್ರ ತಲುಪಿದ 15 ದಿನದೊಳಗೆ ಡೊಮೇನ್ ಪುಶ್ ಆಗಬೇಕು, ನಮ್ಮ ಇಮೇಲ್‌ಗೆ ಅಡ್ಮಿನಿಸ್ಟ್ರೇಟರ್ ದರ್ಜೆ ಸಿಗಬೇಕು, ಎರಡೂ ಭಾಗದ ಬ್ಯಾಕಪ್ ಮತ್ತು ಥೀಮ್-ಪ್ಲಗಿನ್‌ಗಳ ಲೈಸೆನ್ಸ್ ವಿವರ ಬರಬೇಕು. ಗೂಗಲ್ ಮ್ಯಾಪ್‌ನಲ್ಲಿರುವ ಮಳಿಗೆಯ ಪ್ರೊಫೈಲ್‌ಗೆ ಈಗ ನೀವೇ ಪ್ರಧಾನ ಮಾಲೀಕರು. ಹೊಸದಾಗಿ ಸೇರಿಸಿದ ಮಾಲೀಕರಿಗೆ ಪ್ರಧಾನ ಸ್ಥಾನ ವರ್ಗಾಯಿಸಲು ಏಳು ದಿನ ಕಾಯಬೇಕಾದ್ದರಿಂದ ಆ ಆಹ್ವಾನವನ್ನು ಎಲ್ಲಕ್ಕಿಂತ ಮೊದಲು ಕಳಿಸಿ. ಜೊತೆಗೆ ವಿನ್ಯಾಸ ಮತ್ತು ಕೋಡ್‌ನ ಹಕ್ಕನ್ನು ನಮಗೆ ಬರೆದುಕೊಡುವ ಒಂದು ಪುಟದ ಸಹಿಪತ್ರ ಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಬೇರೆ ಒಪ್ಪಂದವಿಲ್ಲದಿದ್ದರೆ ಕೃತಿ ರಚಿಸಿದವರೇ ಸಾಮಾನ್ಯವಾಗಿ ಮೊದಲ ಮಾಲೀಕರು, ಹಕ್ಕಿನ ವರ್ಗಾವಣೆ ಬರಹದಲ್ಲೇ ಆಗಬೇಕು. ಹಣ ಸಂದ ಮಾತ್ರಕ್ಕೆ ಅದು ನಮ್ಮದಾಗುವುದಿಲ್ಲ.

ಖಾತೆಗಳು ಕೈಗೆ ಬಂದು, ಕನ್ನಡ ಪುಟ ಮತ್ತು ಸಾಗಾಟದ ತಪ್ಪು ಸರಿಯಾದ ದಿನವೇ 8,400 ರೂಪಾಯಿ ನಿಮ್ಮ ಯುಪಿಐಗೆ ಬರುತ್ತದೆ. 9,000ದ ನಿರ್ವಹಣಾ ಶುಲ್ಕವನ್ನು ಒಪ್ಪುವುದಿಲ್ಲ. ಅದರಲ್ಲಿ ಡೊಮೇನ್ ಎಷ್ಟು, ಹೋಸ್ಟಿಂಗ್ ಎಷ್ಟು, ನಿಮ್ಮ ಕೂಲಿ ಎಷ್ಟು ಎಂದು ಬಿಡಿಸಿ ಬರೆದು ಕಳಿಸಿದರೆ ಆಮೇಲೆ ಮಾತಾಡೋಣ. ಅವಧಿಯೊಳಗೆ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿ, ಕಾರವಾರದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇವೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ, ಕೊಟ್ಟ ಹಣ 5 ಲಕ್ಷದವರೆಗಿದ್ದರೆ ದೂರಿಗೆ ಶುಲ್ಕವಿಲ್ಲ.

ಪತ್ರದ ಒಂದು ಪ್ರತಿ ಸ್ಪೀಡ್ ಪೋಸ್ಟ್‌ನಲ್ಲಿ, ಒಂದು ಇಮೇಲ್‌ನಲ್ಲಿ ಬರುತ್ತದೆ. ಉತ್ತರ ಬರಹದಲ್ಲೇ ಇರಲಿ.

ಇಂತಿ,
ಪಾಲುದಾರರು

ಲಗತ್ತು: ಪಾವತಿ ರಸೀದಿ, ವಾಟ್ಸಾಪ್ ಸಂದೇಶಗಳ ಪ್ರತಿ, ಹೂಯಿಸ್ ದಾಖಲೆ, ದೋಷಗಳ ಸ್ಕ್ರೀನ್‌ಶಾಟ್, ಪ್ಯಾಕ್ ಆದ ತೂಕದ ಪಟ್ಟಿ, ಯೂನಿಕೋಡ್‌ಗೆ ಬದಲಿಸಿದ ಕನ್ನಡ ಪಠ್ಯ