ಈ ತಿಂಗಳ ಓದು: ಒಂದು ತಿಳಿಯಾದ ಪ್ರೇಮಕಥೆ

ಎಲ್ಲರಿಗೂ ನಮಸ್ಕಾರ. ಈ ತಿಂಗಳು ಎಮಿಲಿ ಹೆನ್ರಿಯ ‘ಬೀಚ್ ರೀಡ್’ (2020) ಓದೋಣ. ಸುಮ್ನೆ ಟೈಮ್‌ಪಾಸ್ ಪುಸ್ತಕ ಅಲ್ವಾ ಅಂತ ಮೂಗು ಮುರಿಯಬೇಡಿ. ಅಮೆರಿಕದ ಮಿಷಿಗನ್‌ನ ಸರೋವರದ ದಂಡೆಯಲ್ಲಿ ಅಕ್ಕಪಕ್ಕದ ಮನೆಯ ಇಬ್ಬರು ಲೇಖಕರು, ಬರೆಯೋಕೆ ಏನೂ ತೋಚದೆ ಕೂತವರು, ತಮ್ಮ ಬರವಣಿಗೆಯ ಬಗೆ ಅದಲುಬದಲು ಮಾಡಿಕೊಳ್ಳೋ ಪಂದ್ಯ ಕಟ್ಟುತ್ತಾರೆ: ಅವಳು ಗಂಭೀರ ಕಾದಂಬರಿ ಬರೆಯಬೇಕು, ಅವನು ಸುಖಾಂತ್ಯದ ಪ್ರೇಮಕಥೆ. ಇಬ್ಬರೂ ಒಂದಾಗುತ್ತಾರೆ ಅಂತ ಮೊದಲೇ ಗೊತ್ತು. ಆದರೂ ನಾನು ರಾತ್ರಿ ಒಂದು ಗಂಟೆವರೆಗೆ ಓದಿ, ಬೆಳಿಗ್ಗೆ ತೂಕಡಿಸುತ್ತಾ ಹಾಲು ಉಕ್ಕಿಸಿದೆ.

ಯಾಕೆ ಅಂದರೆ ಇಲ್ಲಿ ‘ಏನಾಗುತ್ತೆ’ ಅನ್ನೋದಕ್ಕಿಂತ ‘ಹೇಗೆ’ ಅನ್ನೋದೇ ಮಜಾ. ಕಿಟಕಿಯಲ್ಲಿ ಚೀಟಿ ಬರೆದು ಎತ್ತಿ ಹಿಡಿದು ಒಬ್ಬರನ್ನೊಬ್ಬರು ಕೆಣಕುತ್ತಾರೆ ನೋಡಿ, ಆ ಮಾತಿನ ಚಕಮಕಿಯಲ್ಲೇ ಪ್ರೀತಿ ಹುಟ್ಟೋದು, ಮಳೆಯಲ್ಲಿ ಓಡಿ ಬಂದು ತಬ್ಬಿಕೊಳ್ಳೋದರಲ್ಲಿ ಅಲ್ಲ. ಅಡಿಯಲ್ಲಿ ತೂಕವೂ ಇದೆ. ಅವಳಿರುವ ಮನೆ ತೀರಿಕೊಂಡ ಅಪ್ಪನದು, ಆ ಅಪ್ಪನಿಗೊಂದು ಗುಟ್ಟಿತ್ತು. ಈ ನೋವು ಇರದಿದ್ದರೆ ನಗು ಜಾಸ್ತಿ ಹೊತ್ತು ನಿಲ್ಲುತ್ತಿರಲಿಲ್ಲ. ಕೊನೆಯ ಕಡೆ ಬರುವ ಮನಸ್ತಾಪ ಮಾತ್ರ ನನಗೆ ಸ್ವಲ್ಪ ಎಳೆದಂತೆ ಅನಿಸಿತು, ನೀವೇನಂತೀರಿ?

ಇಂಗ್ಲಿಷ್ ಕಷ್ಟ ಅನ್ನುವವರು ಹೇಳಿ, ಒಟ್ಟಿಗೆ ಕೂತು ಓದೋಣ. ಅರ್ಧ ಓದಿದವರೂ ಮಾತಿಗೆ ಬನ್ನಿ.