ಮಗಳಿಗೊಂದು ಪತ್ರ: ಮೂರು ಓಟಿಪಿ, ಒಂದು ಲಕ್ಷ

ಚನ್ನಪಟ್ಟಣ

ಚಿ. ಪುಟ್ಟಿಗೆ ನಿನ್ನ ಅಪ್ಪ ಮಾಡುವ ಆಶೀರ್ವಾದಗಳು. ನಾವೆಲ್ಲ ಕ್ಷೇಮ, ಸೀಮೆಹಸು ಕೂಡ.

ನಿನ್ನೆ ಬೊಂಬೆ ಕೆಲಸದ ಸಾಲಕ್ಕೆಂದು ಸೇವಾ ಕೇಂದ್ರದಲ್ಲಿ ಕೂತು, ನಿನ್ನ ಫೋನಿಗೆ ಬರುವ ಓಟಿಪಿಯನ್ನು ಮೂರು ಸಲ ಕೇಳಿದೆ. ಮೂರನೇ ಸಲ ನೀನು, "ಸಾಲ ಯಾಕಪ್ಪಾ, ನನ್ನ ಎಫ್‌ಡಿ ಮುರಿಸಿ ಕೊಡ್ತೀನಿ" ಅಂದು ಫೋನ್ ಇಟ್ಟೆ. ಹಿಂದೆ ಹತ್ತು ಜನ ಸಾಲು ನಿಂತಿದ್ದರು, ಅಲ್ಲಿ ಏನು ಹೇಳಲಿ? ಅದಕ್ಕೇ ಈ ಕಾಗದ.

ಹೋದ ಸಲ ಬಂದಾಗ ಜಗಲಿಯ ಮೇಲೆ ಸೀಳುಬಿಟ್ಟ ಬುಗುರಿಗಳ ಬುಟ್ಟಿ ನೋಡಿದ್ದೆಯಲ್ಲ, ಎಲ್ಲ ಅಂಗಡಿಯಿಂದ ವಾಪಸು ಬಂದವು. ಹಾಲೆ ಮರ ಎರಡು ಮೂರು ತಿಂಗಳು ನೆರಳಲ್ಲಿ ಒಣಗಬೇಕು. ಹಸಿ ಇದ್ದರೂ ಮರ ತಿರುಗಿಸಿ ಕೆತ್ತುವ ಲೇತಿಗೆ ಕೊಟ್ಟರೆ ಬೆಣ್ಣೆಯ ಹಾಗೆ ಕೆತ್ತಿಸಿಕೊಳ್ಳುತ್ತೆ. ಅರಗಿನ ಕಡ್ಡಿ ಒತ್ತಿದರೆ ತಿರುಗುವ ಬಿಸಿಗೆ ಕರಗಿ ಬಣ್ಣ ಹಿಡಿಯುತ್ತೆ, ತಾಳೆಗರಿ ಒತ್ತಿದರೆ ಕನ್ನಡಿಯ ಹಾಗೆ ಹೊಳೆಯುತ್ತೆ. ಮೂರು ವಾರ ಕಳೆಯಲಿ, ಒಳಗಿನ ನೀರು ಆರಿ ಕೂದಲೆಳೆಯಷ್ಟು ಬಿರುಕು. ಉಗುರಲ್ಲಿ ಕೆರೆದರೆ ಅರಗು ಹೊಪ್ಪಳೆಯಾಗಿ ಏಳುತ್ತೆ. ಒಣಗಿಸಬೇಕು ಅಂತ ನನಗೆ ಗೊತ್ತಿಲ್ಲದೆ ಅಲ್ಲ. ಈ ತಿಂಗಳು ಮಾರಿದ ದುಡ್ಡಲ್ಲೇ ಈ ತಿಂಗಳ ಮರ ತರುವವನು, ಮೂರು ತಿಂಗಳ ಮರವನ್ನು ನೆರಳಲ್ಲಿ ಮಲಗಿಸಿಡುವುದು ಹೇಗೆ? ನಾನು ಕೇಳಿರುವ ಸಾಲ ಆ ಮೂರು ತಿಂಗಳ ಬೆಲೆ, ಅಷ್ಟೇ.

ನಿಮ್ಮವ್ವನಿಗೂ ಹೇಳದ ಒಂದು ವಿಷಯ ಇದೆ. ಎರಡು ವರ್ಷದ ಹಿಂದೆ ಸೊಸೈಟಿಯ ಬೆಳೆಸಾಲದ ದುಡ್ಡಲ್ಲೇ ಮರ ತಂದಿದ್ದೆ. ಬಡ್ಡಿಯಿಲ್ಲದ ಸಾಲ, ಆಸೆಯಾಯಿತು. ಆದರೆ ಅದು ಗಡುವಿನೊಳಗೆ ಕಟ್ಟಿದರೆ ಮಾತ್ರ. ಆ ಸಲ ರಾಗಿ ತೆನೆಗಟ್ಟುವಾಗ ಮಳೆ ಕೈಕೊಟ್ಟಿತು, ಬೊಂಬೆ ದುಡ್ಡು ಅಂಗಡಿಯಲ್ಲಿ ನಿಂತಿತು. ಗಡುವು ತಪ್ಪಬಾರದೆಂದು ಕೈಸಾಲ ಮಾಡಿದೆ, ಮೂರು ರೂಪಾಯಿ ಬಡ್ಡಿ. ಒಂದು ಲಕ್ಷಕ್ಕೆ ತಿಂಗಳಿಗೆ 3,000. ಹದಿನೆಂಟು ತಿಂಗಳಾದರೆ ಬಡ್ಡಿಯೇ 54,000, ಅಸಲು ಕೂತಲ್ಲೇ ಕೂತಿರುತ್ತೆ.

ಈಗಿನದು ಪಿಎಂ ವಿಶ್ವಕರ್ಮ, ಕೈಕಸುಬಿನವರಿಗೆ ಕೇಂದ್ರ ಸರ್ಕಾರದ್ದು. 2023ರ ಸೆಪ್ಟೆಂಬರ್ 17ರಂದು ಶುರುವಾದ ಯೋಜನೆ, 18 ಕಸುಬುಗಳಲ್ಲಿ ಬೊಂಬೆ ಮಾಡುವವರೂ ಇದ್ದಾರೆ. ಅಡಮಾನ ಬೇಡ. ಮೊದಲ ಸುತ್ತಿನ ಸಾಲ 1 ಲಕ್ಷ, ನಮ್ಮ ಪಾಲಿನ ಬಡ್ಡಿ ವರ್ಷಕ್ಕೆ ನೂರಕ್ಕೆ 5, ಹದಿನೆಂಟು ತಿಂಗಳಲ್ಲಿ ತೀರಿಸಬೇಕು. ಲೆಕ್ಕ ಹಾಕಿದೆ: ತಿಂಗಳಿಗೆ ಸುಮಾರು 5,780, ಒಟ್ಟು ಬಡ್ಡಿ ನಾಲ್ಕು ಸಾವಿರದ ಆಸುಪಾಸು. ಮನೆಗೊಬ್ಬರಿಗೆ ಮಾತ್ರ ಅಂದಾಗ ನಿಮ್ಮವ್ವ, "ಅರ್ಧ ಕೆಲಸ ನಂದು, ಹೆಸರು ಮಾತ್ರ ನಿಮ್ದಾ?" ಅಂದಳು. ಉತ್ತರ ಇನ್ನೂ ಹುಡುಕುತ್ತಿದ್ದೇನೆ.

ಸಾಲಕ್ಕೆ ಮುಂಚೆ ತರಬೇತಿಯೂ ಆಯಿತು, ದಿನಕ್ಕೆ 500 ರೂಪಾಯಿ ಭತ್ಯೆ. ಮೂವತ್ತು ವರ್ಷ ಉಳಿ ಹಿಡಿದವನಿಗೆ ಉಳಿ ಹಿಡಿಯೋದು ಹೇಳಿಕೊಟ್ಟರು, ನಗು ತಡೆದುಕೊಂಡೆ. ಆದರೆ ಬಿಲ್ಲು ಬರೆಯುವುದು ಹೇಳಿಕೊಟ್ಟ ದಿನ ನಗು ಬರಲಿಲ್ಲ. ನನ್ನ ಕೂಲಿಯನ್ನು ನಾನು ಯಾವತ್ತೂ ಬೊಂಬೆ ಬೆಲೆಗೆ ಸೇರಿಸೇ ಇರಲಿಲ್ಲ.

ಬ್ಯಾಂಕಿನಲ್ಲಿ ಸಿಕ್ಕಿಕೊಂಡಿದ್ದು ಸಿಬಿಲ್‌ಗೆ, ಅಂದರೆ ಯಾರು ಸಾಲ ಹೇಗೆ ಕಟ್ಟಿದರು ಅನ್ನುವ ದಾಖಲೆಗೆ. ನಾನು ಸಾಲ ಉಳಿಸಿಕೊಂಡವನಲ್ಲ. ನೆಂಟರೊಬ್ಬರ ಟ್ರ್ಯಾಕ್ಟರ್ ಸಾಲಕ್ಕೆ ಜಾಮೀನು ಹಾಕಿದ್ದೆ, ಅವರು ಕಂತು ತಪ್ಪಿಸಿದ್ದು ನನ್ನ ಹೆಸರಲ್ಲೂ ಕೂತಿದೆ. ಅವರು ತೀರಿಸಿ, ಬಾಕಿಯಿಲ್ಲ ಅನ್ನುವ ಪತ್ರ (ಎನ್‌ಒಸಿ) ತಂದು ವರ್ಷವಾಯಿತು, ಆದರೂ ದಾಖಲೆಯಲ್ಲಿ ಬಾಕಿ ಅಂತಲೇ ತೋರಿಸುತ್ತಿದೆ. ಮ್ಯಾನೇಜರ್ ಅದನ್ನು ಸರಿ ಮಾಡಿಸಿಕೊಂಡು ಬನ್ನಿ ಅಂದರು. ನೀನು ಸಹಾಯ ಮಾಡಬೇಕಿರುವುದು ಇಲ್ಲಿ, ಎಫ್‌ಡಿಯಲ್ಲಿ ಅಲ್ಲ. ವರ್ಷಕ್ಕೊಮ್ಮೆ ವರದಿ ಪುಕ್ಕಟೆ ಸಿಗುತ್ತಂತೆ. ಅದನ್ನು ತೆಗೆಸು, ಎನ್‌ಒಸಿ ಜೋಡಿಸಿ ದೂರು ಹಾಕು. ದೂರು ಕೊಟ್ಟ 30 ದಿನದೊಳಗೆ ಸರಿಪಡಿಸದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ತಾರೀಖು ಬರೆದಿಟ್ಟುಕೋ.

ಎಫ್‌ಡಿ ಯಾಕೆ ಬೇಡ ಅಂದರೆ, ನಿನ್ನ ದುಡ್ಡಿಗೆ ಕಂತಿಲ್ಲ ಕಣವ್ವ. ಕೇಳುವವರಿಲ್ಲದ ಸಾಲವನ್ನು ನಾನು ಮುಂದಿನ ಸುಗ್ಗಿಗೆ, ಅದರ ಮುಂದಿನ ಸುಗ್ಗಿಗೆ ಅಂತ ತಳ್ಳುತ್ತೇನೆ, ನನ್ನ ಬುದ್ಧಿ ನನಗೆ ಗೊತ್ತು. ಬ್ಯಾಂಕಿನದನ್ನು ಸರಿಯಾಗಿ ಕಟ್ಟಿ ತೀರಿಸಿದರೆ ಎರಡನೇ ಸುತ್ತಿನ ಸಾಲ 2 ಲಕ್ಷದವರೆಗೂ ದಾರಿಯಿದೆ. ನಿನ್ನ ಎಫ್‌ಡಿ ದುಡ್ಡು ನಿನಗೆ ತೀರಿಸಿದರೆ ಯಾವ ಬ್ಯಾಂಕಿಗೆ ಗೊತ್ತಾಗುತ್ತೆ?

ರಾಗಿ ವರ್ಷಕ್ಕೊಮ್ಮೆ ಬರುತ್ತೆ, ಕಂತು ತಿಂಗಳಿಗೊಮ್ಮೆ. ಅದಕ್ಕೆ ಡೇರಿಯ ಬಟವಾಡೆ ಬೀಳುವ ಖಾತೆಯಿಂದಲೇ ಕಂತು ಕಡಿಯಲಿ ಅಂತ ಬರೆದುಕೊಡುತ್ತೇನೆ. ಹಸು ಬತ್ತಿಸುವ ಎರಡು ತಿಂಗಳಿಗೆ ಮಾತ್ರ ಬೊಂಬೆ ದುಡ್ಡಲ್ಲಿ ಮುಂಚೆಯೇ 12,000 ಎತ್ತಿಡಬೇಕು. ಅದು ಕೂಡಿದ ಮೇಲೇ ಬ್ಯಾಂಕಿನ ಕಾಗದಕ್ಕೆ ಸಹಿ.

ಆಧಾರಿಗೆ ನನ್ನ ನಂಬರನ್ನೇ ಜೋಡಿಸಲು ಕೊಟ್ಟು ಬಂದಿದ್ದೇನೆ. ಇನ್ನು ಓಟಿಪಿಗೆ ನಿನ್ನನ್ನು ಕಾಡುವುದಿಲ್ಲ. ಸುಮ್ಮನೆ ಫೋನ್ ಮಾಡಿದರೆ ಎತ್ತು.

ಇಂತಿ ನಿನ್ನ ಅಪ್ಪ