ಇಡ್ವಲ್ ಕಣಿವೆಯಿಂದ ಹಿಂದಿರುಗಿದ್ದು

ಪ್ರೀತಿಯ ಅಕ್ಕನಿಗೆ,

ನಮಸ್ಕಾರ. ಎಷ್ಟು ದಿನವಾಯಿತು ಕಾಗದವೇ ಇಲ್ಲ ಎಂದು ಅಮ್ಮ ಬೇಜಾರು ಮಾಡಿಕೊಂಡಿದ್ದಾಳೆ ಅಂದೆಯಲ್ಲ, ಇದನ್ನು ಅವಳಿಗೂ ಓದಿ ಹೇಳು. ಆದರೆ ಇದು ಮುಖ್ಯವಾಗಿ ನಿನಗೇ ಬರೆದದ್ದು. ನೀನೂ ಮೇಷ್ಟ್ರ ಕೆಲಸದವಳು, ಮಕ್ಕಳ ಪ್ರವಾಸದ ಹಿಂದಿನ ರಾತ್ರಿ ನಿದ್ದೆಗೆಡುವವಳು.

ಕಳೆದ ಗುರುವಾರ ನಮ್ಮ ಶಾಲೆಯ 22 ಮಕ್ಕಳನ್ನು ಉತ್ತರ ವೇಲ್ಸ್‌ನ ಬೆಟ್ಟಗಳಿಗೆ ಕರೆದುಕೊಂಡು ಹೋಗಿದ್ದೆವು. ಆ ಸೀಮೆಗೆ ಎರರಿ ಎಂದು ಹೆಸರು, ಇಂಗ್ಲಿಷಿನವರು ಸ್ನೋಡೋನಿಯಾ ಅನ್ನುತ್ತಾರೆ. ಬೆಳಿಗ್ಗೆ ತೊರೆಯೊಳಗೇ ನಡೆದು ಬಂಡೆ ಹತ್ತುವುದು, ಮಧ್ಯಾಹ್ನ ಕುಮ್ ಇಡ್ವಲ್ ಎಂಬ ಕಣಿವೆಗೆ ಚಾರಣ, ಸಂಜೆಗೆ ವಾಪಸ್.

ಬಸ್ ಇಳಿದ ಕೂಡಲೇ ಅಲ್ಲಿನ ತರಬೇತುದಾರರು ಪ್ರತಿ ಮಗುವಿನ ಚೀಲ ಬಿಚ್ಚಿಸಿ ನೋಡಿದರು. ಜೀನ್ಸ್ ಹಾಕಿಕೊಂಡು ಬಂದವರಿಗೆ ಬೇರೆ ಪ್ಯಾಂಟ್ ಕೊಟ್ಟರು. ಹತ್ತಿ ಬಟ್ಟೆ ನೆನೆದರೆ ಬೇಗ ಒಣಗುವುದಿಲ್ಲ, ಗಾಳಿ ಬೀಸಿದರೆ ಮೈಯ ಕಾವನ್ನೆಲ್ಲ ಎಳೆದುಬಿಡುತ್ತದೆ. ಇದಕ್ಕೇ ಮುಕ್ಕಾಲು ಗಂಟೆ ಹೋಯಿತು. ಮೊದಲು ನನಗೆ ಇದು ಅತಿಯಾಯಿತು ಅನ್ನಿಸಿದ್ದು ನಿಜ.

ತೊರೆಯಲ್ಲಿ ಒಬ್ಬಳು ಹುಡುಗಿ ಬಂಡೆಯ ಅಂಚಿನಲ್ಲಿ ನಿಂತವಳು ಅಲ್ಲಾಡಲೇ ಇಲ್ಲ. ಅವಳ ತರಬೇತುದಾರ್ತಿ ‘ಹೆದರಬೇಡ’ ಅನ್ನಲಿಲ್ಲ, ‘ಬಾ ಬಾ’ ಎಂದು ಕೂಗಲೂ ಇಲ್ಲ. ಸೊಂಟದುದ್ದದ ನೀರಿಗಿಳಿದು, ಅವಳ ಪಕ್ಕ ನಿಂತು, ‘ಮುಂದಿನ ಕಾಲು ಎಲ್ಲಿಡುತ್ತೀ, ನೀನೇ ತೋರಿಸು’ ಅಂದಳು. ಹತ್ತು ನಿಮಿಷವಾದರೂ ಆಗಿರಬೇಕು. ಉಳಿದ ಮಕ್ಕಳು ಚಳಿಯಲ್ಲಿ ಕಾದರು, ಒಬ್ಬನೂ ಗೊಣಗಲಿಲ್ಲ. ಹುಡುಗಿ ತಾನೇ ಜಾಗ ತೋರಿಸಿ, ತಾನೇ ಕಾಲಿಟ್ಟು ಇಳಿದಳು ಅಕ್ಕಾ. ಆಮೇಲೆ ಅವಳ ಮುಖ ನೋಡಬೇಕಿತ್ತು ನೀನು.

ಕುಮ್ ಇಡ್ವಲ್ ಬಟ್ಟಲಿನಂಥ ಕಣಿವೆ, ನಡುವೆ ಒಂದು ಕೆರೆ. ಹಿಮನದಿಯೊಂದು ಸಾವಿರಾರು ವರ್ಷ ಕೊರೆದು ಮಾಡಿದ ಜಾಗ. ಅದು ಹೊತ್ತು ತಂದ ಕಲ್ಲುಗಳು ಉಜ್ಜಿದ ಗೀರುಗಳು ಬಂಡೆಗಳ ಮೇಲೆ ಈಗಲೂ ಇವೆ, ಮಕ್ಕಳು ಅವುಗಳ ಮೇಲೆ ಬೆರಳಾಡಿಸಿದರು. 1831ರಲ್ಲಿ ಡಾರ್ವಿನ್ ತನ್ನ ಗುರು ಸೆಜ್‌ವಿಕ್ ಜೊತೆ ಇಲ್ಲೇ ಪಳೆಯುಳಿಕೆ ಹುಡುಕಿಕೊಂಡು ಅಲೆದಿದ್ದ. ಸುತ್ತಲೂ ಹಿಮದ ಗುರುತುಗಳಿದ್ದರೂ ಇಬ್ಬರ ಕಣ್ಣಿಗೂ ಬೀಳಲಿಲ್ಲವಂತೆ. 1842ರಲ್ಲಿ ಮತ್ತೆ ಬಂದಾಗ ಡಾರ್ವಿನ್‌ಗೆ ಎಲ್ಲ ಕಂಡಿತು. ಅಷ್ಟು ದೊಡ್ಡವನಿಗೂ ಕಾಣಲಿಲ್ಲವಾ ಎಂದು ಮಕ್ಕಳಿಗೆ ಎಷ್ಟು ಸಂತೋಷವಾಯಿತೋ!

ಕೆರೆಯ ಹಿಂದಿನ ಕಡಿದಾದ ಗೋಡೆಯಲ್ಲಿ ಒಂದು ಕರಿಯ ಬಿರುಕಿದೆ. ಅದಕ್ಕೆ ‘ದೆವ್ವದ ಅಡುಗೆಮನೆ’ ಎಂದು ಹೆಸರು. ಅದರ ಬುಡ ಮುಟ್ಟಬೇಕೆಂಬುದೇ ಮಕ್ಕಳ ಆಸೆ. ಅರ್ಧ ದಾರಿಯಲ್ಲಿ ಮೋಡ ಕೆಳಗಿಳಿಯಿತು. ಮುಖ್ಯ ತರಬೇತುದಾರರು ಗಡಿಯಾರ ನೋಡಿದರು, ಮಕ್ಕಳ ಮುಖ ನೋಡಿದರು, ‘ಇಲ್ಲಿಂದ ವಾಪಸ್’ ಅಂದರು. ಒಬ್ಬ ಹುಡುಗ ಅತ್ತೇಬಿಟ್ಟ. ಅವರು ಅವನೊಬ್ಬನನ್ನೇ ಪಕ್ಕಕ್ಕೆ ಕರೆದು ನಕ್ಷೆ ಬಿಚ್ಚಿ, ಇಳಿಯಲು ಎಷ್ಟು ಹೊತ್ತು ಬೇಕು, ಜಾರುವ ಕಲ್ಲು ಎಲ್ಲೆಲ್ಲಿದೆ ಎಂದು ದೊಡ್ಡವರಿಗೆ ಹೇಳುವ ಹಾಗೆ ವಿವರಿಸಿದರು. ನಂತರ ಕಂಬವಿಲ್ಲದ ಗುಡಾರದಂಥ ದೊಡ್ಡ ಬಟ್ಟೆಯ ಚೀಲ ತೆಗೆದು ಮಕ್ಕಳೆಲ್ಲರ ತಲೆಮೇಲೆ ಹೊದಿಸಿದರು. ಒಳಗೆ ಒತ್ತಾಗಿ ಕೂತ ಐದೇ ನಿಮಿಷದಲ್ಲಿ ಬೆಚ್ಚಗಾಗಿ, ಹಾಡು ಶುರುವಾಯಿತು.

ಇಷ್ಟು ಎಚ್ಚರಿಕೆಯ ಹಿಂದೆ ದುಃಖವಿದೆ. 1993ರಲ್ಲಿ ಇಂಗ್ಲೆಂಡಿನ ಲೈಮ್ ಕೊಲ್ಲಿಯಲ್ಲಿ ದೋಣಿ ನಡೆಸಲು ಹೋದ ಶಾಲಾ ಗುಂಪಿನ ನಾಲ್ವರು ಮಕ್ಕಳು ಸತ್ತರು. 1995ರಲ್ಲಿ ಕಾನೂನು ಬಂತು. ಹಣ ಪಡೆದು ಮಕ್ಕಳಿಗೆ ಇಂಥ ಸಾಹಸಗಳನ್ನು ನಡೆಸುವ ಕೇಂದ್ರಗಳು ಪರವಾನಗಿ ಪಡೆಯಬೇಕಾಯಿತು. ಆ ಮಕ್ಕಳ ಅಪ್ಪ ಅಮ್ಮಂದಿರು ಬಿಡದೆ ಹೋರಾಡಿದ್ದರು. ಬೆಳಗಿನ ಆ ಮುಕ್ಕಾಲು ಗಂಟೆ ಎಲ್ಲಿಂದ ಬಂತೆಂದು ಆಗ ಅರ್ಥವಾಯಿತು.

ಇನ್ನೊಂದು ಮಾತು. ಬೆಟ್ಟದಲ್ಲಿ ಸಿಕ್ಕಿಹಾಕಿಕೊಂಡರೆ ಒಂದು ನಿಮಿಷದಲ್ಲಿ 6 ಸಲ ಸೀಟಿ ಊದಬೇಕು, ಒಂದು ನಿಮಿಷ ಬಿಟ್ಟು ಮತ್ತೆ 6 ಸಲ. ಕೇಳಿಸಿಕೊಂಡವರು 3 ಸಲ ಊದಿ ಉತ್ತರ ಕೊಡುತ್ತಾರೆ. ರಾತ್ರಿಯಾದರೆ ಟಾರ್ಚಿನಲ್ಲೂ ಹೀಗೇ. ಮುಂದಿನ ಪ್ರವಾಸಕ್ಕೆ ಮುಂಚೆ ನಿನ್ನ ಮಕ್ಕಳಿಗೆ ಇದನ್ನು ಅಂಗಳದಲ್ಲೇ ಆಡಿಸಿ ಕಲಿಸು. ಹೇಗಾಯಿತೆಂದು ಬರೆ, ಕಾಯುತ್ತಿರುತ್ತೇನೆ.

ಅಪ್ಪ ಅಮ್ಮನಿಗೆ ನಮಸ್ಕಾರಗಳು.

ನಿನ್ನ ತಮ್ಮ